ಮೊದಲು ಖಾಲಿ ಗೋಣಿ ತೂಗಿ

"ಯಾವುದು ಒಳ್ಳೇದು?" ಅಂತ ಕೇಳೋದು ಸುಲಭ. ಎರಡು ಬಗೆ ಅಕ್ಕಿ, ಎರಡು ಫೋನು, ಎರಡು ಸ್ಕೂಲು.. ಏನನ್ನೇ ಅಕ್ಕಪಕ್ಕ ಇಟ್ಟರೂ ನಮಗೆ ಒಂದು ಗೆಲ್ಲಬೇಕು, ಇನ್ನೊಂದು ಸೋಲಬೇಕು. ಆದ್ರೆ ಎರಡು ವಸ್ತುಗಳನ್ನ ನ್ಯಾಯವಾಗಿ ಹೋಲಿಸೋದು ಎಷ್ಟು ತಲೆನೋವಿನ ಕೆಲಸ ಅನ್ನೋದು ನಂಗೆ ಸರಿಯಾಗಿ ಅರ್ಥವಾಗಿದ್ದು ಕ್ಯಾಲಿಫೋರ್ನಿಯಾದ ಮರಳುಗಾಡಿನಲ್ಲಿ, ನಾಲ್ಕು ಕ್ವಾಡ್ ಬೈಕುಗಳ ನಡುವೆ. ಇವತ್ತು ಅದರ ಬಗ್ಗೆ ಬರೀತೀನಿ. ಗಾಡಿ ಗೀಡಿ ಅಂದ್ರೆ ನಮಗಾಗಲ್ಲ ಅನ್ನೋರೂ ಸ್ವಲ್ಪ ತಾಳ್ಮೆ ಇಟ್ಟುಕೊಂಡು ಓದಿ, ನಡುವೆ ಒಬ್ಬ ಅಜ್ಜಿ ಬರ್ತಾರೆ :-)

ಕ್ವಾಡ್ ಬೈಕ್ ಅಂದ್ರೆ ಊರಲ್ಲಿ ಬಹಳ ಜನಕ್ಕೆ ನೆನಪಾಗೋದು ಕೊಡಗಿನ ಕಡೆ ರೆಸಾರ್ಟುಗಳಲ್ಲಿ ಹತ್ತು ನಿಮಿಷ ಸುತ್ತು ಹೊಡೆಸೋ ದಪ್ಪ ಚಕ್ರದ ಗಾಡಿ. ಅದು ಆ ಮನೆತನದ ಸಾಧು ಅಣ್ಣ. ನಾನು ಹೇಳ್ತಿರೋದು ಅದರ ತುಂಟ ತಮ್ಮನ ಬಗ್ಗೆ, ಸ್ಪೋರ್ಟ್ ಕ್ವಾಡ್ ಬಗ್ಗೆ. ಒಬ್ಬರೇ ಕೂರೋದು. ಕೈಯಲ್ಲಿ ಕ್ಲಚ್ಚು, ಕಾಲಲ್ಲಿ ಗೇರು, ಹೆಬ್ಬೆರಳಲ್ಲಿ ಒತ್ತೋ ಥ್ರಾಟಲ್. ಗಾಲಿ ನಾಲ್ಕಿದ್ರೂ ಎಂಜಿನ್ನಿನ ಶಕ್ತಿ ಹೋಗೋದು ಹಿಂದಿನ ಎರಡಕ್ಕೆ ಮಾತ್ರ. ಬೈಕಿನ ಹಾಗೆ ವಾಲಿಸೋಕೆ ಬರಲ್ಲ, ಕಾರಿನ ಹಾಗೆ ಸುಮ್ಮನೆ ಕೂತಿರೋಕೂ ಬರಲ್ಲ. ತಿರುವಲ್ಲಿ ನೀವೇ ಮೈಯನ್ನ ಒಳಗಡೆಗೆ ಎಸೀಬೇಕು. ಇಲ್ಲಾಂದ್ರೆ ಅದು ನಿಮ್ಮನ್ನ ಹೊರಗಡೆಗೆ ಎಸೆಯುತ್ತೆ.

ತಮಾಷೆಗೆ ಹೇಳ್ತಿಲ್ಲ. 1980ರ ದಶಕದಲ್ಲಿ ಇದರ ಪೂರ್ವಜರು ಮೂರು ಗಾಲಿಯವು. ಎಷ್ಟೋ ಜನ ಬಿದ್ದರು, ಸತ್ತರು. ಕೊನೆಗೆ 1988ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗಕ್ಕೂ ಗಾಡಿ ಕಂಪನಿಗಳಿಗೂ ಕೋರ್ಟಿನ ಮೂಲಕ ಹತ್ತು ವರ್ಷದ ಒಪ್ಪಂದ ಆಯ್ತು. ಹೊಸ ಮೂರು ಗಾಲಿಯವುಗಳ ಮಾರಾಟ ನಿಂತಿತು. 90 ಸಿಸಿಗಿಂತ ದೊಡ್ಡ ಗಾಡಿ 16 ವರ್ಷದೊಳಗಿನ ಮಕ್ಕಳಿಗೆ ಬೇಡ ಅನ್ನೋ ಎಚ್ಚರಿಕೆ ಬಂತು. ಹಾಗಾಗಿ ಈ ಗಾಡಿಗಳ ವಿಷಯದಲ್ಲಿ "ಇದು ಒಳ್ಳೇದು, ತಗೋ" ಅನ್ನೋ ಮಾತಿಗೆ ಫೋನಿನ ವಿಷಯದಲ್ಲಿರೋದಕ್ಕಿಂತ ಜಾಸ್ತಿ ತೂಕ ಇದೆ. ಆ ಮಾತು ನಂಬಿಕೊಂಡು ಯಾರೋ ಒಬ್ಬರು ಅದರ ಮೇಲೆ ಕೂರ್ತಾರೆ.

2000ದ ದಶಕ ಸ್ಪೋರ್ಟ್ ಕ್ವಾಡುಗಳ ಸುಗ್ಗಿಕಾಲ. 2003ರಲ್ಲಿ ಸುಜುಕಿ ಎಲ್‌ಟಿ-ಜಡ್400, 2004ರಲ್ಲಿ ಯಮಹಾ ವೈಎಫ್‌ಜಡ್450 ಮತ್ತು ಹೋಂಡಾ ಟಿಆರ್‌ಎಕ್ಸ್450ಆರ್, 2006ರಲ್ಲಿ ಸುಜುಕಿ ಎಲ್‌ಟಿ-ಆರ್450, 2008ರಲ್ಲಿ ಕವಾಸಾಕಿ ಕೆಎಫ್‌ಎಕ್ಸ್450ಆರ್ ಮತ್ತು ಕ್ಯಾನ್-ಆಮ್ ಡಿಎಸ್450, 2009ರಲ್ಲಿ ಯಮಹಾ ವೈಎಫ್‌ಜಡ್450ಆರ್. ಮೊದಲನೇದು ಬಿಟ್ರೆ ಎಲ್ಲ ಹೆಚ್ಚುಕಮ್ಮಿ 450 ಸಿಸಿ, ಒಂದೇ ಬೆಲೆಯ ಆಸುಪಾಸು. ಅಮೆರಿಕದ ಪತ್ರಿಕೆಗಳಿಗೆ ಹಬ್ಬ. ಐದಾರು ಗಾಡಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಅಂಕ ಹಾಕಿ, ಕೊನೇ ಪುಟದಲ್ಲಿ ಒಂದಕ್ಕೆ ಕಿರೀಟ. ಇದಕ್ಕೆ ಅವರು 'ಶೂಟೌಟ್' ಅಂತಾರೆ. ನಾನು ಅವನ್ನ ಕಾದಂಬರಿ ಥರ ಓದ್ತಿದ್ದೆ. ಕೆಲಸದಲ್ಲಿ ನಾನು ಸಾಫ್ಟ್‌ವೇರ್ ಪರೀಕ್ಷೆ ಮಾಡೋನು. ಹಾಗಾಗಿ ಯಾರು ಗೆದ್ದರು ಅನ್ನೋದಕ್ಕಿಂತ ಹೇಗೆ ಅಳೆದರು ಅನ್ನೋ ಕಡೆಗೇ ಕಣ್ಣು ಹೋಗ್ತಿತ್ತು.

ಒಂದು ಉದಾಹರಣೆ. ಆ ಸುಜುಕಿ ಎಲ್‌ಟಿ-ಜಡ್400 ಇದೆಯಲ್ಲ, ಅದನ್ನೇ ಸುಜುಕಿಯವರು ಬೇರೆ ಬಣ್ಣ ಬಳಿದು ಕವಾಸಾಕಿಗೂ ಮಾಡಿಕೊಟ್ಟರು, ಅದರ ಹೆಸರು ಕೆಎಫ್‌ಎಕ್ಸ್400. ಮರುವರ್ಷ ಆರ್ಕ್ಟಿಕ್ ಕ್ಯಾಟ್ ಕಂಪನಿಯ ಡಿವಿಎಕ್ಸ್400 ಬಂತು, ಅದರ ಒಡಲೂ ಇದೇ. ಹಳದಿ, ಹಸಿರು, ಇನ್ನೊಂದು ಬಣ್ಣ. ಒಂದೇ ಹಿಟ್ಟಿನ ದೋಸೆ, ಮೂರು ಹೋಟೆಲಿನ ಬೋರ್ಡು. ನಾನೊಬ್ಬ ಸಂಪಾದಕನಾಗಿದ್ರೆ ಪ್ರತಿ ಪರೀಕ್ಷೆಯಲ್ಲೂ ಇಂಥ ಅವಳಿಗಳನ್ನ ಬೇಕಂತಲೇ ಸೇರಿಸ್ತಿದ್ದೆ. ಯಾಕೆ ಗೊತ್ತಾ? ಹಳದಿಗೆ ಹತ್ತರಲ್ಲಿ ಎಂಟೂವರೆ, ಹಸಿರಿಗೆ ಏಳು ಅಂಕ ಬಂತು ಅಂದ್ರೆ ಆ ಒಂದೂವರೆ ಅಂಕ ಗಾಡಿಯದ್ದಲ್ಲ, ಓಡಿಸಿದವನ ತಲೆಯದ್ದು. ಮಿಕ್ಕ ಗಾಡಿಗಳ ನಡುವೆಯೂ ಒಂದೂವರೆ ಅಂಕಕ್ಕಿಂತ ಕಡಿಮೆ ವ್ಯತ್ಯಾಸ ಇದ್ರೆ ಅದನ್ನ ನಂಬಬೇಕಾಗಿಲ್ಲ. ತಕ್ಕಡಿ ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೆ ಬಟ್ಟು ಎಲ್ಲಿ ಸಿಗುತ್ತೆ?

ಇನ್ನು ತೂಕ. 2004ರ ವೈಎಫ್‌ಜಡ್450 ಬಂದಾಗ ಕಂಪನಿ ಕೊಟ್ಟ ತೂಕ ಸುಮಾರು 159 ಕೆಜಿ. 2009ರ ವೈಎಫ್‌ಜಡ್450ಆರ್‌ಗೆ ಸುಮಾರು 184 ಕೆಜಿ. ಅಯ್ಯೋ, ಐದು ವರ್ಷದಲ್ಲಿ 25 ಕೆಜಿ ದಪ್ಪ ಆಗಿದೆ ಅಂತ ಗೊಣಗಿದವರನ್ನ ನಾನು ನೋಡಿದೀನಿ. ಆದ್ರೆ ಮೊದಲನೇದು 'ಒಣ' ತೂಕ, ಪೆಟ್ರೋಲು ಮೊದಲಾದವು ಇಲ್ಲದ್ದು. ಎರಡನೇದು 'ಹಸಿ' ತೂಕ, ಎಲ್ಲ ತುಂಬಿ ಓಡೋಕೆ ರೆಡಿ ಇರೋದು. ಹತ್ತು ಲೀಟರ್ ಪೆಟ್ರೋಲೇ ಏಳೂವರೆ ಕೆಜಿ ಹತ್ತಿರ ತೂಗುತ್ತೆ. ಜೊತೆಗೆ ಆಯಿಲ್ಲು, ರೇಡಿಯೇಟರಿನ ನೀರು. ಹೊಸದು ಸ್ವಲ್ಪ ಭಾರ ಇರಬಹುದು, ಆದ್ರೆ 25 ಕೆಜಿ ಅಂತೂ ಅಲ್ಲ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಎರಡೂ ನಿಜವಾದ ಸಂಖ್ಯೆ. ಅಕ್ಕಪಕ್ಕ ಇಟ್ಟಿದ್ದೇ ಅನ್ಯಾಯ.

ಹೋಲಿಸೋ ಜಾಗವೂ ಹಾಗೇ. ಹಳೇ ವೈಎಫ್‌ಜಡ್450 ಅಗಲ ಸುಮಾರು 46 ಇಂಚು, ಆರ್ ಸುಮಾರು 49 ಇಂಚು. ಅಗಲ ಜಾಸ್ತಿ ಇದ್ರೆ ಮೋಟೋಕ್ರಾಸ್ ಟ್ರ್ಯಾಕಿನ ತಿರುವಲ್ಲಿ ಗಾಡಿ ಮಗುಚೋದು ಕಡಿಮೆ, ಧೈರ್ಯವಾಗಿ ನುಗ್ಗಬಹುದು. ಅದೇ ಗಾಡಿಯನ್ನ ಕಾಡಿನ ಹಾದಿಯಲ್ಲಿ ಎರಡು ಮರದ ನಡುವೆ ನುಗ್ಗಿಸಿ ನೋಡಿ, ಮೂರು ಇಂಚು ಅಂದ್ರೆ ಏನು ಅಂತ ಮೊಣಕೈಗೆ ಗೊತ್ತಾಗುತ್ತೆ. ಕಂಪನಿಗಳಿಗೂ ಇದು ಗೊತ್ತಿತ್ತು. ಯಮಹಾದವರು 2010ರಲ್ಲಿ ಕಾಡುಹಾದಿಗೆ ಅಂತಲೇ ಕಿರಿದಾದ ವೈಎಫ್‌ಜಡ್450ಎಕ್ಸ್ ತಂದರು. ಕ್ಯಾನ್-ಆಮ್‌ನವರೂ ಡಿಎಸ್450ರಲ್ಲಿ ಟ್ರ್ಯಾಕಿಗೊಂದು, ಕಾಡಿಗೊಂದು ಅಂತ ಎರಡು ಥರ ಮಾಡಿದರು. ಅಂದಮೇಲೆ ಪರೀಕ್ಷೆಗೆ ಯಾವ ಜಾಗ ಆರಿಸ್ತೀರಿ ಅನ್ನೋದರಲ್ಲೇ ಅರ್ಧ ತೀರ್ಪು ಬರೆದಾಗಿರುತ್ತೆ.

ಎತ್ತರದ ಲೆಕ್ಕ ಇನ್ನೂ ಸೂಕ್ಷ್ಮ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೆ ಹೋದ ಹಾಗೆ ಎಂಜಿನ್ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳಕೊಳ್ಳುತ್ತೆ, ಗಾಳಿ ತೆಳು ಆಗುತ್ತಲ್ಲ ಅದಕ್ಕೆ. ಯೂಟಾ ರಾಜ್ಯದ ಕೋರಲ್ ಪಿಂಕ್ ಮರಳುದಿಬ್ಬಗಳು ಸುಮಾರು 1800 ಮೀಟರ್ ಎತ್ತರದಲ್ಲಿವೆ. ಅಲ್ಲಿ ಐದರಲ್ಲಿ ಒಂದು ಪಾಲು ಶಕ್ತಿ ಹೋಗಿಬಿಡುತ್ತೆ. ಎಲ್ಲ ಗಾಡಿಗೂ ಹೋಗುತ್ತಲ್ಲ, ಲೆಕ್ಕ ಸರಿ ಆಯ್ತಲ್ಲ ಅಂತೀರಾ? ಇಲ್ಲ. ಫ್ಯೂಯೆಲ್ ಇಂಜೆಕ್ಷನ್ ಇರೋ ಗಾಡಿ ಗಾಳಿ ನೋಡಿಕೊಂಡು ಪೆಟ್ರೋಲ್ ಕಡಿಮೆ ಮಾಡುತ್ತೆ. ಕಾರ್ಬ್ಯುರೇಟರ್ ಇರೋದಕ್ಕೆ ಅದು ಗೊತ್ತಾಗಲ್ಲ, ಜೆಟ್ ಬದಲಾಯಿಸದಿದ್ರೆ ಜಾಸ್ತಿ ಪೆಟ್ರೋಲ್ ಕುಡಿದು ಕೆಮ್ಮುತ್ತೆ. ಅದೇ ಎರಡು ಗಾಡಿ ಸಮುದ್ರದ ಪಕ್ಕ ಓಡಿದ್ರೆ ಫಲಿತಾಂಶ ಬೇರೆಯಾಗಬಹುದು.

ದುಡ್ಡಿನ ವಿಷಯ ಎತ್ತದೇ ಇದ್ದರೆ ಈ ಮಾತು ಮುಗಿಯಲ್ಲ. ಆಗ ಹೊಸ ಗಾಡಿ ಏಳೆಂಟು ಸಾವಿರ ಡಾಲರು ಇತ್ತು. ಐದು ಕೊಳ್ಳೋಕೆ ಸಣ್ಣ ಪತ್ರಿಕೆಯ ಕೈಲಿ ಆಗಲ್ಲ, ಕಂಪನಿಯೇ ಕಳಿಸುತ್ತೆ. ಜೊತೆಗೆ ಸಸ್ಪೆನ್ಷನ್ ಹೊಂದಿಸೋಕೆ ಕಂಪನಿಯ ಮೆಕ್ಯಾನಿಕ್ ಕೂಡ ಬರೋದುಂಟು. ಅದೇ ಪತ್ರಿಕೆಯ ಹಿಂಬದಿ ರಕ್ಷಾಪುಟದಲ್ಲಿ ಅದೇ ಕಂಪನಿಯ ಜಾಹೀರಾತು. ಇದರಿಂದ ಎಲ್ಲ ಪರೀಕ್ಷೆಯೂ ಮೋಸ ಅಂತ ನಾನು ಹೇಳಲ್ಲ, ಬಹಳ ಶ್ರದ್ಧೆಯಿಂದ ಮಾಡಿದವರಿದ್ದಾರೆ. ಆದ್ರೆ 1936ರಿಂದ ನಡೀತಿರೋ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆಯವರು ಜಾಹೀರಾತು ತಗೊಳ್ಳದೆ, ಅಂಗಡಿಗೆ ಹೋಗಿ ಯಾರೋ ಗಿರಾಕಿ ಥರ ದುಡ್ಡು ಕೊಟ್ಟು ವಸ್ತು ಕೊಂಡು ಪರೀಕ್ಷೆ ಮಾಡ್ತಾರಲ್ಲ, ಅದು ಸುಮ್ಮನೆ ಮಾಡೋ ಹಠ ಅಲ್ಲ.

ಇಷ್ಟೆಲ್ಲ ತಲೇಲಿ ತುಂಬಿಕೊಂಡಿದ್ದಾಗ ಬಂತು ನಮ್ಮದೇ ಪರೀಕ್ಷೆ.

2013ರ ಫೆಬ್ರವರಿ. ಸ್ಯಾನ್ ಡಿಯೇಗೋದಲ್ಲಿ ನಮ್ಮದೊಂದು ಸಣ್ಣ ಗುಂಪು. ಮಂಡ್ಯದವನೊಬ್ಬ, ಧಾರವಾಡದವನೊಬ್ಬ, ನಾನು. ಮೂವರ ಹತ್ರವೂ ಒಂದೊಂದು ಸ್ಪೋರ್ಟ್ ಕ್ವಾಡ್, ಮೂರೂ ಬೇರೆ ಬೇರೆ ಕಂಪನಿಯವು. ಪಕ್ಕದ ಬೀದಿಯ ನಿವೃತ್ತ ಅಮೆರಿಕನ್ ತಾತ ತನ್ನದನ್ನೂ ಕೊಡ್ತೀನಿ ಅಂದ. ನಾಲ್ಕಾಯ್ತು. ನಮ್ಮ ಜೊತೆ ಪುತ್ತೂರಿನವರೊಬ್ಬರು, ನಮಗಿಂತ ಹಿರಿಯರು. ಅವರ ಮಗನಿಗೆ 17 ವರ್ಷ, ಎರಡು ವರ್ಷದಿಂದ ಚಿಕ್ಕ ಗಾಡಿ ಓಡಿಸಿ, ಸುರಕ್ಷತಾ ತರಬೇತಿ ಮುಗಿಸಿ ಪ್ರಮಾಣಪತ್ರ ತಗೊಂಡಿದ್ದ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಜಾಗದಲ್ಲಿ 18ರೊಳಗಿನವರಿಗೆ ಆ ಪತ್ರ ಇಲ್ಲಾ ದೊಡ್ಡವರ ಮೇಲ್ವಿಚಾರಣೆ ಬೇಕು. ಈಗ ಅವನಿಗೆ 450 ಬೇಕು, ಸೆಕೆಂಡ್ ಹ್ಯಾಂಡ್. ಮಂಡ್ಯದವನು ತನ್ನದನ್ನ ಮಾರೋಕೆ ತಯಾರಿದ್ದ. "ಕೊಳ್ಳೋದಾದ್ರೆ ಯಾವುದು, ನೀವೇ ಒಂದು ಸರಿಯಾದ ಪರೀಕ್ಷೆ ಮಾಡಿ ಹೇಳಿ ಮಾರಾಯ್ರೆ, ಬಾಯಿಮಾತು ಬೇಡ, ಬರೆದು ಕೊಡಿ" ಅಂತ ಪುತ್ತೂರಿನವರು ನನ್ನನ್ನ ಕೇಳಿದರು.

ಗಾಡಿಗಳ ಹೆಸರು ಇಲ್ಲಿ ಹೇಳಲ್ಲ. ಅ, ಆ, ಇ, ಈ ಅಂತ ಕರೀತೀನಿ. ಹೆಸರು ಕೇಳಿದ ಕೂಡಲೇ ಓದೋರ ಕಣ್ಣು ಬದಲಾಗುತ್ತೆ, ಅವತ್ತು ನಮ್ಮ ಹಾಳೆಯಲ್ಲೂ ಹೆಸರು ಬರೀಲಿಲ್ಲ. ಅ ನನ್ನದು, ಆ ಧಾರವಾಡದವನದ್ದು, ಇ ತಾತನದ್ದು, ಈ ಮಂಡ್ಯದವನದ್ದು.

ಶುಕ್ರವಾರ ಸಂಜೆ ನಮ್ಮ ಗ್ಯಾರೇಜಿನಲ್ಲಿ ತೂಕ. ಬಾತ್‌ರೂಮಿನಲ್ಲಿ ಮೈತೂಕ ನೋಡೋ ಮಷೀನು ನಾಲ್ಕು ತಂದು ನಾಲ್ಕು ಗಾಲಿ ಕೆಳಗೆ ಇಟ್ವಿ. ಆಗ ಪುತ್ತೂರಿನವರ ಅತ್ತೆ, ಊರಿಂದ ಮಗಳ ಮನೆಗೆ ಆರು ತಿಂಗಳಿಗೆ ಬಂದವರು, ಬಾಗಿಲಲ್ಲಿ ನಿಂತು ನೋಡ್ತಿದ್ದರು. ಈ ಗಾಡಿಗಳಿಗೆ ಅವರು ಇಟ್ಟ ಹೆಸರು ಕಪ್ಪೆ. ಸ್ವಲ್ಪ ಹೊತ್ತು ನೋಡಿ ಕೇಳಿದರು, "ಎಲ್ಲಾ ಕಪ್ಪೆಯ ಹೊಟ್ಟೆಯಲ್ಲೂ ಪೆಟ್ರೋಲು ಒಂದೇ ಅಳತೆ ಉಂಟಾ?"

ಇರಲಿಲ್ಲ. ತೂಕಕ್ಕೆ ಮುಂಚೆ ತುಂಬಿಸಬೇಕು ಅಂತ ಕ್ಯಾನು ತಂದಿಟ್ಟಿದ್ದೆ, ಇನ್ನೂ ತುಂಬಿಸಿರಲಿಲ್ಲ.

"ಅಡಿಕೆ ತೂಗುವಾಗ ನಾವು ಮೊದಲು ಖಾಲಿ ಗೋಣಿ ತೂಗುವುದು. ಗೋಣಿಯ ತೂಕ ಗೊತ್ತಿಲ್ಲದೆ ಅಡಿಕೆಯ ತೂಕ ಹೇಳ್ಲಿಕ್ಕೆ ಆಗ್ತದಾ? ಮತ್ತೆ ನಿಮ್ಮ ತಕ್ಕಡಿ ನಾಲ್ಕೂ ಒಂದೇ ಹೇಳ್ತದಾ, ಅದನ್ನೂ ನೋಡಿ."

ನಾನೊಬ್ಬನೇ ನಾಲ್ಕರ ಮೇಲೂ ಒಂದೊಂದಾಗಿ ಹತ್ತಿ ನಿಂತೆ. ಹೆಚ್ಚು ಹೇಳಿದ್ದಕ್ಕೂ ಕಮ್ಮಿ ಹೇಳಿದ್ದಕ್ಕೂ ಒಂದು ಕೆಜಿ ಮೇಲೆ ಅಂತರ! ಅದನ್ನ ಬರೆದುಕೊಂಡು, ಟ್ಯಾಂಕು ತುಂಬಿಸಿ, ಆಮೇಲೆ ತೂಗಿದ್ವಿ. ಪರೀಕ್ಷೆಯ ತೀರ್ಪುಗಾರರು ಯಾರು ಅನ್ನೋದು ಅಲ್ಲೇ ತೀರ್ಮಾನ ಆಯ್ತು. ಯಾವ ಕಂಪನಿ ಯಾವುದು ಅಂತ ಗೊತ್ತಿಲ್ಲದ, ಗೊತ್ತಾಗಬೇಕು ಅಂತಲೂ ಇಲ್ಲದ ಮನುಷ್ಯ ನಮ್ಮಲ್ಲಿ ಅವರೊಬ್ಬರೇ. ಸ್ಟಾಪ್‌ವಾಚು ಅವರ ಕೈಗೆ ಹೋಯ್ತು.

ಶನಿವಾರ ಬೆಳಿಗ್ಗೆ ಗ್ಲಾಮಿಸ್. ಕ್ಯಾಲಿಫೋರ್ನಿಯಾದ ಆಗ್ನೇಯ ಮೂಲೆ, ಮೆಕ್ಸಿಕೋ ಗಡಿಯ ಹತ್ತಿರ, 60 ಕಿಲೋಮೀಟರಿಗೂ ಉದ್ದಕ್ಕೆ ಹಬ್ಬಿರೋ ಮರಳಿನ ದಿಬ್ಬಗಳು. ಅಲ್ಲಿ ಗಾಡಿಗೆ ಎತ್ತರದ ಕಂಬಿ ಕಟ್ಟಿ ಬಾವುಟ ಹಾಕಲೇಬೇಕು, ದಿಬ್ಬದ ಆಚೆಯಿಂದ ಬರೋರಿಗೆ ಕಾಣಲಿ ಅಂತ. ಚಳಿಗಾಲದ ರಜೆಯಲ್ಲಿ ನಮ್ಮ ಜಾತ್ರೆಗಳನ್ನ ನೆನಪಿಸೋ ಹಾಗೆ ಜನ.

ನಮ್ಮ ನಿಯಮ ಹೀಗಿತ್ತು. ಟೈರಿನ ಒತ್ತಡ ಎಲ್ಲಕ್ಕೂ ಒಂದೇ. ಕಾರಿನ ಟೈರಿಗೆ 32, 35 ಪಿಎಸ್‌ಐ ಇದ್ರೆ ಇವಕ್ಕೆ 4, 5 ಸಾಕು. ಅಷ್ಟು ಕಡಿಮೆ ಒತ್ತಡದಲ್ಲಿ ಒಂದು ಪಿಎಸ್‌ಐ ಹೆಚ್ಚುಕಮ್ಮಿ ಅಂದ್ರೆ ಐದರಲ್ಲಿ ಒಂದು ಪಾಲು ವ್ಯತ್ಯಾಸ, ಕಾರಿನ ಗೇಜು ಅದನ್ನ ಸರಿಯಾಗಿ ತೋರಿಸೋದೇ ಇಲ್ಲ. ಕಡಿಮೆ ಒತ್ತಡಕ್ಕೆ ಅಂತಲೇ ಬೇರೆ ಗೇಜು ಬರುತ್ತೆ, ಅದರಲ್ಲೇ ನೋಡಿದ್ವಿ. ಪ್ರತಿ ಗಾಡಿಯನ್ನೂ ಮೂವರೂ ಓಡಿಸಬೇಕು. ಮಂಡ್ಯದವನು 94 ಕೆಜಿ, ಧಾರವಾಡದವನು 61. ಗಾಡಿಗಳ ನಡುವೆ ಇದ್ದ ತೂಕದ ವ್ಯತ್ಯಾಸ ಹತ್ತು ಕೆಜಿಯೂ ಇಲ್ಲ, ಓಡಿಸೋರ ನಡುವೆ 33! ಅವರವರ ಗಾಡಿ ಅವರವರೇ ಓಡಿಸಿದ್ರೆ ನಾವು ಅಳೆಯೋದು ಗಾಡಿಯನ್ನಲ್ಲ, ಊಟವನ್ನ.

ಇನ್ನೊಂದು ನಿಯಮ, ಓಡಿಸೋ ಕ್ರಮ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ ಅಂತ ಗಾದೆ ಇದೆಯಲ್ಲ, ಮರಳಲ್ಲಿ ಮಾತ್ರ ನೆಲ ನಿಜವಾಗ್ಲೂ ಡೊಂಕೇ. ಬೆಳಿಗ್ಗೆ ತಂಪಿಗೆ ಮರಳು ಗಟ್ಟಿ, ಮಧ್ಯಾಹ್ನಕ್ಕೆ ಹಿಟ್ಟು. ಓಡಿದಷ್ಟೂ ಹಾದಿ ಉಳುಮೆ ಆದ ಗದ್ದೆ. ಓಡಿಸೋನು ಮೊದಲು ಹುರುಪಾಗ್ತಾನೆ, ಆಮೇಲೆ ಸುಸ್ತಾಗ್ತಾನೆ. ಯಾವಾಗಲೂ ಕೊನೆಗೆ ಓಡೋ ಗಾಡಿಗೆ ಅನ್ಯಾಯ. ಅದಕ್ಕೆ ಮೊದಲ ಸುತ್ತು ಅ, ಆ, ಇ, ಈ. ಎರಡನೇ ಸುತ್ತು ಈ, ಇ, ಆ, ಅ. ಎರಡರ ಸರಾಸರಿ.

ಸಮ ಮಾಡೋಕೆ ಆಗದ್ದೂ ಇತ್ತು. ಮರಳಲ್ಲಿ ಹಿಂದಿನ ಗಾಲಿಗೆ ಹುಟ್ಟಿನ ಹಾಗೆ ಪಟ್ಟಿ ಇರೋ ಪ್ಯಾಡಲ್ ಟೈರು ಹಾಕ್ತಾರೆ. ಎರಡು ಗಾಡಿಗೆ ಎಂಟು ಪಟ್ಟಿಯವು, ಇನ್ನೆರಡಕ್ಕೆ ಹತ್ತು ಪಟ್ಟಿಯವು. ಬೋಲ್ಟಿನ ತೂತು ಹೊಂದದ ಕಾರಣ ಅದಲು ಬದಲು ಮಾಡೋಕೆ ಬರಲಿಲ್ಲ. ಹಾಳೆಯ ತಲೆ ಮೇಲೆ ಅದನ್ನೇ ಮೊದಲ ಸಾಲಾಗಿ ಬರೆದ್ವಿ.

ನೂರು ಮೀಟರ್ ನೇರ ಓಟ. ಅಜ್ಜಿ ಕೊಡೆ ಕೆಳಗೆ ಮಡಚೋ ಕುರ್ಚಿಯಲ್ಲಿ, ಸೀರೆ ಮೇಲೆ ಸ್ವೆಟರು, ಕಿವಿಗೆ ಹತ್ತಿ. ಮೊಮ್ಮಗ ಬಾವುಟ ಬೀಸೋದು, ಅವರು ಗುಂಡಿ ಒತ್ತೋದು. ಧಾರವಾಡದವನ ಆ ಮುಂದೆ ಬಂತು. ಸರಾಸರಿಯಲ್ಲಿ ಎರಡನೇದಕ್ಕಿಂತ ಸೆಕೆಂಡಿನ ಕಾಲು ಭಾಗ ಬೇಗ. ಅವನು ಆಗಲೇ ಹೆಲ್ಮೆಟ್ ತೆಗೆದು ಕುಣೀತಿದ್ದ. ಆದ್ರೆ ಒಂದೇ ಗಾಡಿ, ಒಬ್ಬನೇ ಸವಾರ, ಎರಡು ಓಟದ ನಡುವೆಯೇ ಅರ್ಧ ಸೆಕೆಂಡ್ ಏರುಪೇರು ಇತ್ತು. ಬೆರಳು ಗುಂಡಿ ಒತ್ತೋದರಲ್ಲೇ ಸ್ವಲ್ಪ ಹೋಗುತ್ತೆ. ಹಾಗಾಗಿ ಅ, ಆ, ಇ ಮೂರೂ ಸಮ ಅಂತ ಬರೆದೆ. ಈ ಮಾತ್ರ ಎಲ್ಲ ಓಟದಲ್ಲೂ, ಯಾರು ಓಡಿಸಿದರೂ, ಒಂದು ಸೆಕೆಂಡಿಗೂ ಹೆಚ್ಚು ಹಿಂದೆ.

"ಏ, ನನ್ನ ಗಾಡೀನ ಮುಂದ ಬಂದೈತಲ್ಲಪಾ, ಮತ್ತ ಯಾಕ ಮೂರೂ ಒಂದ ಅಂತ ಬರೀಲಿಕ್ಕತ್ತಿ?" ಧಾರವಾಡದವನು ಹಾಳೆ ಕಿತ್ತುಕೊಳ್ಳೋಕೆ ಬಂದ. ಹೆತ್ತವರಿಗೆ ಹೆಗ್ಗಣ ಮುದ್ದು. ಆದ್ರೆ ಅವನ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಅಜ್ಜಿ, "ನಿಮ್ಮದೇ ನಿಮ್ಮದಕ್ಕಿಂತ ಅರ್ಧ ಹಿಂದೆ ಬಿದ್ದಿದೆಯಲ್ಲ, ಇನ್ನು ಬೇರೆಯವರದ್ದು ಕಾಲು ಹಿಂದೆ ಬಿದ್ರೆ ಎಂತ ಲೆಕ್ಕ?" ಇದನ್ನ ಆಫೀಸಿನಲ್ಲಿ ನಾನು ಹತ್ತು ಸ್ಲೈಡಿನಲ್ಲಿ ಹೇಳ್ತಿದ್ದೆ.

ನಿಜವಾದ ತೊಂದರೆ ಬಂದಿದ್ದು ಭಾನುವಾರ, ದಿಬ್ಬಗಳ ನಡುವಿನ ಬಯಲಲ್ಲಿ ವೇಗವಾಗಿ ಓಡಿಸುವಾಗ. ಈ ಗಾಡಿಯ ಹ್ಯಾಂಡಲ್ಲು ಒಂದು ವೇಗ ದಾಟಿದ ಮೇಲೆ ನಡುಗೋಕೆ ಶುರು ಮಾಡ್ತಿತ್ತು. ಮೂವರಿಗೂ ಗೊತ್ತಾಯ್ತು. ನಾನು ಹಾಳೆಯಲ್ಲಿ ಬರೆದೆ. ಸಂಜೆ ಮಂಡ್ಯದವನು ನನ್ನನ್ನ ಟ್ರಕ್ಕಿನ ಹಿಂದಕ್ಕೆ ಕರ್ಕೊಂಡು ಹೋದ.

"ಲೇ, ಅದೊಂದು ಬರೀಬ್ಯಾಡ ಕಣ್ಲಾ. ಮಾರ್ಬೇಕು ಅಂತ ಇವ್ನಿ. ಸಣ್ಣ ನಡುಕ, ಮರಳಲ್ಲಿ ಎಲ್ಲದೂ ನಡುಗ್ತದೆ."

"ಬೇರೆ ಮೂರು ನಡುಗಲಿಲ್ಲವಲ್ಲೋ."

"ನಿಂದು ಹೋದ ವರ್ಸ ತಗೊಂಡಿದ್ದು, ತಾತ ತಿಂಗ್ಳಿಗೊಂದ್ಸಲ ಗಾಡಿ ಹೊರಗೆ ತೆಗೀತಾನೆ. ನಂದು ಐದು ವರ್ಸ ದುಡಿದದೆ. ಅದ್ಕೂ ಇದ್ಕೂ ಹೋಲ್ಸೋದು ಯಾವ ನ್ಯಾಯ ಹೇಳು?"

ಅವನು ಸಿಟ್ಟಲ್ಲಿ ಹೇಳಿದ್ರೂ ಮಾತಲ್ಲಿ ಹುರುಳಿತ್ತು. ನಾವು ಹೋಲಿಸ್ತಿದ್ದದ್ದು ನಾಲ್ಕು ಮಾದರಿಗಳನ್ನೋ, ನಾಲ್ಕು ಗಾಡಿಗಳನ್ನೋ? ಒಂದು ಗಾಡಿಯ ಸವೆತ ನೋಡಿ ಆ ಮಾದರಿಯೇ ನಡುಗುತ್ತೆ ಅಂತ ಬರೆದ್ರೆ ಅದು ಸುಳ್ಳಲ್ಲ, ಆದ್ರೆ ಅನ್ಯಾಯ. ಹಾಗಂತ ಬರೀದೇ ಬಿಟ್ರೆ? ಅದರ ಮೇಲೆ ಕೂರೋನು 17ರ ಹುಡುಗ. ಕೂತು ಬಾವುಟ ಬೀಸ್ತಾ ಎರಡು ದಿನ ನಮ್ಮ ಜೊತೆ ಬಿಸಿಲಲ್ಲಿ ಇದ್ದವನು. ಅಲ್ಲಿವರೆಗೂ ನ್ಯಾಯ, ಪ್ರಾಮಾಣಿಕತೆ ಎರಡೂ ಒಂದೇ ಪದದ ಎರಡು ರೂಪ ಅಂತ ನಾವೆಲ್ಲ ಮಾತಾಡ್ತಿದ್ವಿ. ಅವು ಬೇರೆ ಬೇರೆ. ಪರೀಕ್ಷೆಯನ್ನ ಸಮವಾಗಿ ನಡೆಸೋದು ನ್ಯಾಯ. ಕಂಡದ್ದನ್ನ ಕಂಡ ಹಾಗೆ ಹೇಳೋದು ಪ್ರಾಮಾಣಿಕತೆ. ಅನ್ಯಾಯದ ಪರೀಕ್ಷೆಯ ಫಲಿತಾಂಶವನ್ನ ಪ್ರಾಮಾಣಿಕವಾಗಿ ಹೇಳಬಹುದು, ನ್ಯಾಯವಾದ ಪರೀಕ್ಷೆ ಮಾಡಿ ಫಲಿತಾಂಶ ಮುಚ್ಚಿಡಬಹುದು. ಎರಡರಲ್ಲೂ ಕೊಳ್ಳೋನು ಕೆಡ್ತಾನೆ.

ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಗಡೆ 'ಮಾದರಿ', ಬಲಗಡೆ 'ಈ ಗಾಡಿ'. ನಡುಕ ಬಲಗಡೆಗೆ ಹೋಯ್ತು. ಅವನ ಎದುರಿಗೇ ಬರೆದೆ. ಅವನು ಏನೂ ಹೇಳದೆ ಹೋಗಿ ಗಾಡಿ ಟ್ರೈಲರಿಗೆ ಕಟ್ಟಿದ. ವಾಪಸ್ ಬರುವಾಗ ಮೂರು ಗಂಟೆ ದಾರಿಯಲ್ಲಿ ಒಂದೇ ಒಂದು ಮಾತಾಡಲಿಲ್ಲ.

ಮುಂದಿನ ಶನಿವಾರ ನಾನೇ ಅವನ ಮನೆಗೆ ಹೋದೆ. ಗಾಡಿಯ ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಟ್ವಿ. ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದ್ರೆ ಬೇರಿಂಗು ಇಲ್ಲಾ ಬಾಲ್ ಜಾಯಿಂಟಿನ ಸಡಿಲ ಗೊತ್ತಾಗುತ್ತೆ. ಎಡಕ್ಕೊಂದು ಬಲಕ್ಕೊಂದು ಕೈ ಹಿಡಿದು ಅಲ್ಲಾಡಿಸಿದ್ರೆ ಟೈ ರಾಡಿನ ತುದಿಯ ಸಡಿಲ. ಒಂದು ಬೇರಿಂಗು, ಎರಡು ಟೈ ರಾಡ್ ತುದಿ ಹೋಗಿದ್ದವು. ತಂದು ಹಾಕಿದ್ವಿ. ಪುತ್ತೂರಿನವರ ಮುಂದೆಯೇ ಮತ್ತೆ ಓಡಿಸಿದ್ವಿ. ನಡುಕ ಹೋಗಿತ್ತು. ನಿಧಾನ ಹಾಗೇ ಇತ್ತು, ಅದನ್ನೂ ಬರೆದೆ.

ಪುತ್ತೂರಿನವರು ಅದನ್ನೇ ಕೊಂಡರು. ನಿಧಾನ ಇರೋದಕ್ಕೇ ಕೊಂಡರು! "ನನಗೆ ಬೇಕಾದದ್ದು ಗೆದ್ದ ಕಪ್ಪೆ ಅಲ್ಲ, ಏನು ಸರಿ ಇಲ್ಲ ಅಂತ ಗೊತ್ತಿರುವ ಕಪ್ಪೆ" ಅಂದರು. ಮಂಡ್ಯದವನು ಕೇಳಿದ್ದ ಬೆಲೆಗಿಂತ ಕಡಿಮೆಗೆ. ಅವನು ಆಮೇಲೆ ಸುಮಾರು ತಿಂಗಳು ನನ್ನ ಫೋನು ಎತ್ತಲಿಲ್ಲ. ಯುಗಾದಿಗೆ ಎಲ್ಲರೂ ಸೇರಿದಾಗ ಮಾತಾಡಿದ, ಆದ್ರೆ ಮೊದಲಿನ ಸಲುಗೆ ಪೂರ್ತಿ ವಾಪಸ್ ಬರಲಿಲ್ಲ. ಅದನ್ನೂ ಇದರ ಲೆಕ್ಕಕ್ಕೆ ಸೇರಿಸಬೇಕು, ಇಂಥ ಪರೀಕ್ಷೆ ಪುಕ್ಕಟೆ ಬರಲ್ಲ.

ಇದನ್ನ ಈಗ ಯಾಕೆ ಬರೀತಿದೀನಿ ಅಂದ್ರೆ, ಆ 450ಗಳ ಸುಗ್ಗಿ ಮುಗಿದು ಬಹಳ ಕಾಲ ಆಯ್ತು. 2008ರ ಆರ್ಥಿಕ ಹೊಡೆತದ ನಂತರ ಒಂದೊಂದೇ ಕಂಪನಿ ಈ ವರ್ಗದಿಂದ ಕೈ ತೊಳಕೊಂಡಿತು. ಸುಜುಕಿ, ಹೋಂಡಾ, ಕವಾಸಾಕಿಗಳ 450ಗಳೆಲ್ಲ ನಿಂತವು. ಈಗ ಸಿಗೋದು ಹೆಚ್ಚಾಗಿ ಬಹಳ ವರ್ಷ ಹಳೆಯವು. ಹುಡುಗರು ಆ ಕಾಲದ ಶೂಟೌಟ್ ಓದಿ, ಅದರಲ್ಲಿ ಕಿರೀಟ ಗೆದ್ದ ಮಾದರಿಯನ್ನೇ ಹುಡುಕ್ಕೊಂಡು ಹೋಗ್ತಾರೆ. ಅಂದು ಗೆದ್ದಿದ್ದು ಹೊಚ್ಚ ಹೊಸ ಗಾಡಿ. ಇವತ್ತು ಮಾರಾಟಕ್ಕಿರೋದಕ್ಕೆ ಅದರ ಹೆಸರಿದೆ ಅಷ್ಟೆ. ಹಾಳೆಯ ಎಡಗಡೆಯ ಕಾಲಂ ಅಂದಿನದೇ, ಬಲಗಡೆಯದ್ದು ಪ್ರತಿ ಗಾಡಿಗೂ ಹೊಸದಾಗಿ ಬರೀಬೇಕು.

ನಾವು ಬ್ಲಾಗ್ ಬರೆಯೋರೂ ತೂಗೋ ಕೆಲಸ ಮಾಡ್ತಾನೇ ಇರ್ತೀವಿ. ಗೆಳೆಯರ ಪುಸ್ತಕ, ಗೆಳೆಯರ ನಾಟಕ, ಹೋಟೆಲು, ಸಿನಿಮಾ. ಗೆಳೆಯನ ಗಾಡಿ ನಡುಗುತ್ತೆ ಅಂತ ಬರೆಯೋ ಸಂದರ್ಭ ಬಂದಾಗ ನಾನು ಆ ಗೆರ‍ೆ ಎಳೆದ ಹಾಳೆ ನೆನಪು ಮಾಡ್ಕೋತೀನಿ. ಏನನ್ನ ಸಮ ಮಾಡೋಕೆ ಆಗಲಿಲ್ಲ ಅಂತ ಮೊದಲ ಸಾಲಲ್ಲೇ ಹೇಳಿಬಿಟ್ರೆ, ಮಿಕ್ಕಿದ್ದು ಬರೆಯೋದು ಸ್ವಲ್ಪ ಸುಲಭ.

ಯಾರಾದ್ರೂ ಹಳೇ ಸ್ಪೋರ್ಟ್ ಕ್ವಾಡ್ ನೋಡೋಕೆ ಹೊರಟಿದ್ರೆ ಇಷ್ಟು ಮಾಡಿ. ಒಂದರ ಬದಲು ಕನಿಷ್ಠ ಎರಡು ಗಾಡಿ ಒಂದೇ ದಿನ ನೋಡಿ. ಎರಡನ್ನೂ ನೀವೇ ಓಡಿಸಿ, ಮೊದಲು ಇದು ಆಮೇಲೆ ಅದು, ಮತ್ತೆ ಅದು ಮತ್ತೆ ಇದು. ಮುಂದಿನ ಗಾಲಿ ಎತ್ತಿ ಮೇಲೆ-ಕೆಳಗೆ, ಎಡ-ಬಲ ಅಲ್ಲಾಡಿಸಿ. ಹೆಲ್ಮೆಟ್ ಮರೀಬೇಡಿ. ಮತ್ತೆ ಜೇಬಲ್ಲಿ ಆ ಕಡಿಮೆ ಒತ್ತಡದ ಗೇಜು ಇರಲಿ, ಮಾರೋರ ಹತ್ರ ಅದು ಸಾಮಾನ್ಯವಾಗಿ ಇರಲ್ಲ.